ಹೆಸರು ಕೇಳುವ ಬಾಗಿಲು

ಗುಂಡ್ಲುಪೇಟೆ ಬಸ್ ನಿಲ್ದಾಣದಿಂದ ಊಟಿ ರಸ್ತೆಗೆ ತಿರುಗುವ ಮೂಲೆಯಲ್ಲಿ, ನೇಂದ್ರ ಬಾಳೆಯ ಚಿಪ್ಸ್ ಕರಿಯುವ ಕೇರಳದವರ ಅಂಗಡಿಗೂ ಒಂದು ಪಂಕ್ಚರ್ ಅಂಗಡಿಗೂ ನಡುವೆ ಪುಟ್ಟಮಾದುವಿನ ಕಂಪ್ಯೂಟರ್ ಅಂಗಡಿ ಇದೆ. ಇಬ್ಬರು ಒಳಗೆ ಬಂದರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟು ಕಿರಿದು. ಬೋರ್ಡು ಮಾತ್ರ ಅಂಗಡಿಗಿಂತ ಅಗಲ. ಹಳದಿಯ ಮೇಲೆ ಕೆಂಪಕ್ಷರದಲ್ಲಿ 'ಪುಟ್ಟಮಾದು ಆನ್‌ಲೈನ್ ಸೇವೆ' ಎಂದು ಬರೆಸಿದ್ದಾನೆ. ಬರೆಯುವವನು ಬುದ್ಧಿ ಹೇಳಿದ್ದನಂತೆ:

"ದೇವ್ರೆಸ್ರು ಮಡಗಣ್ಣ, ಯಾಪಾರ ಚೆನ್ನಾಗಾಯ್ತದ. ಇಲ್ಲ ಅಂದ್ರ ಪಿ.ಎಂ. ಕಂಪ್ಯೂಟರ್ಸ್ ಅನ್ನನ, ಸ್ಟೈಲಾಗಿರ್ತದ."

"ನನ್ನೆಸ್ರೇ ಬರಿ. ಪೂರ್ತಿ ಬರಿ. ಆಚೆ ರಸ್ತೆಲಿ ನಿಂತವ್ನಿಗೂ ಕಾಣ್ಬೇಕು."

ಅಂಗಡಿಯೊಳಗೆ ಎರಡು ಕಂಪ್ಯೂಟರುಗಳಿದ್ದವು. ಒಂದು ಹೊಸದು, ಕಪ್ಪಗೆ ತೆಳ್ಳಗಿತ್ತು, ಮುಟ್ಟಿದರೆ ಎದ್ದು ಕೂರುತ್ತಿತ್ತು. ಇನ್ನೊಂದು ಹಳೆಯದು. ಅದರ ಪೆಟ್ಟಿಗೆ ಒಂದು ಕಾಲಕ್ಕೆ ಬೆಳ್ಳಗಿದ್ದು ಈಗ ಎಲೆಅಡಿಕೆ ಹಾಕುವವರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಹಣೆಯ ಭಾಗದಲ್ಲಿ ಹದಿನಾಲ್ಕು ಆಯುಧಪೂಜೆಗಳ ಅರಿಶಿನ ಕುಂಕುಮ ಒಂದರ ಮೇಲೊಂದು ಕೂತು ಗಟ್ಟಿಯಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿದರೆ ಕೆಮ್ಮಿ, ನರಳಿ, ಒಂದು ಟೀ ಕುಡಿದು ಮುಗಿಸುವಷ್ಟು ಹೊತ್ತು ತೆಗೆದುಕೊಂಡು ಏಳುತ್ತಿತ್ತು. ಅದಕ್ಕೆ ಎಲ್ಲರೂ 'ದೊಡ್ಡಯ್ಯ' ಎನ್ನುತ್ತಿದ್ದರು. ಅಂಗಡಿಗೆ ಬಂದವರು ಪುಟ್ಟಮಾದುವನ್ನು ಮಾತಾಡಿಸುವ ಮೊದಲು "ದೊಡ್ಡಯ್ಯ ಎದ್ದನಾ?" ಎಂದು ವಿಚಾರಿಸುತ್ತಿದ್ದರು.

ದೊಡ್ಡಯ್ಯನಿಗೆ ಈ ಮರ್ಯಾದೆ ವಯಸ್ಸಿನಿಂದ ಬಂದದ್ದಲ್ಲ. ಸರ್ಕಾರದ ಒಂದು ಇಲಾಖೆಗೆ ನೇಮಕಾತಿಯ ಜಾಲತಾಣವೊಂದಿತ್ತು. ಅರ್ಜಿ, ಆಯ್ಕೆ, ಒಪ್ಪಿಗೆ ಎಲ್ಲವೂ ಅದರಲ್ಲೇ. ಯಾರೋ ಗುತ್ತಿಗೆದಾರರು ಅದನ್ನು ಕಟ್ಟುವಾಗ ಒಂದೇ ಒಂದು ಕಂಪನಿಯ ಬ್ರೌಸರಿಗೆ ಮಾತ್ರ ತೆರೆಯುವಂತೆ ಕಟ್ಟಿ ಹೋಗಿದ್ದರು. ಬೇರೆ ಯಾವ ಬ್ರೌಸರಿನಲ್ಲಿ ಹೋದರೂ ಕೆಂಪಕ್ಷರದ ಒಂದು ಸಾಲು ಎದುರಾಗುತ್ತಿತ್ತು: ನಿಮ್ಮ ಬ್ರೌಸರಿಗೆ ಇಲ್ಲಿ ಪ್ರವೇಶವಿಲ್ಲ, ದಯವಿಟ್ಟು ಸೂಚಿಸಿದ ಬ್ರೌಸರಿನಲ್ಲಿ ಬನ್ನಿ. ಆ ಸೂಚಿಸಿದ್ದನ್ನು ಹುಡುಕಿಕೊಂಡು ಹೋದರೆ, ಅದನ್ನು ಮಾಡಿದ ಕಂಪನಿಯೇ ಅದನ್ನು ನಿಲ್ಲಿಸಿಬಿಟ್ಟಿತ್ತು. ಹೊಸ ಕಂಪ್ಯೂಟರುಗಳಲ್ಲಿ ಅದು ಇರಲಿಲ್ಲ. ದೊಡ್ಡಯ್ಯನ ಹೊಟ್ಟೆಯಲ್ಲಿ ಇತ್ತು.

"ಬ್ರೌಸರು ಅಂದ್ರ ಯಾನಪ್ಪ?" ಎಂದು ತೆರಕಣಾಂಬಿ ಸಂತೆಗೆ ಈರುಳ್ಳಿ ಹಾಕಿ ಬಂದ ರೈತನೊಬ್ಬ ಒಮ್ಮೆ ಕೇಳಿದ್ದ.

"ಗಾಡಿ ಇದ್ದಂಗ ಕಣಣ್ಣ. ನೀನು ಊಟಿಗೆ ಸರ್ಕಾರಿ ಬಸ್ಸಲ್ಲೂ ಓಗ್ಬೌದು, ಜೀಪಲ್ಲೂ ಓಗ್ಬೌದು. ಓಗಿ ಸೇರೋ ಊರು ಒಂದೇಯ. ಆದ್ರ ಬಂಡೀಪುರದ ಗೇಟಲ್ಲಿ ನಿಂತ್ಕಂಡು, ಇಂಥ ಕಂಪನಿ ಗಾಡಿ ಮಾತ್ರ ಬುಡ್ತೀವಿ ಅಂದ್ರ?"

"ಆ ಕಂಪನಿ ಗಾಡೀನೇ ತಕ್ಕಂಡ್ರಾಯ್ತು ಬುಡು."

"ಆ ಗಾಡಿ ಮಾಡದ್ನೇ ನಿಲ್ಸವ್ರ ಕಣಣ್ಣ."

ರೈತ ಹೆಗಲ ಟವಲು ಕೊಡವಿ, "ಅಂಗಾದ್ರ ಊಟಿಗೆ ಯಾರೂ ಓಗ್ಬಾರ್ದು ಅಂತ್ಲೇ ಮಾಡವ್ರ" ಎಂದ. ಇಲಾಖೆಯ ಬಗ್ಗೆ ಇದಕ್ಕಿಂತ ಸರಳವಾಗಿ ಯಾರೂ ಹೇಳಿರಲಿಲ್ಲ.

ಚಾಮರಾಜನಗರದಲ್ಲಿದ್ದ ಅದೇ ಇಲಾಖೆಯ ಜಿಲ್ಲಾ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದ ಮೇಲೆ ಇಲಾಖೆಯ ತಾಣ ಇಲಾಖೆಯಲ್ಲೇ ತೆರೆಯದಾಯಿತು. ಅಲ್ಲಿನ ಗುಮಾಸ್ತರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಗುಂಡ್ಲುಪೇಟೆಗೆ ಹೋಗಿ. ಬಸ್ ಸ್ಟ್ಯಾಂಡ್ ಹತ್ರ ಪುಟ್ಟಮಾದು ಅಂತ." ಒಂದು ಸಲ ಅಧಿಕಾರಿಯೊಬ್ಬರೇ ಸರ್ಕಾರಿ ಜೀಪಿನಲ್ಲಿ ಬಂದು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ತಮ್ಮ ಕಚೇರಿಯ ತಾಣವನ್ನು ಕಣ್ತುಂಬ ನೋಡಿಕೊಂಡು ಹೋಗಿದ್ದರು.

ಊರಿನ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡುವ ಕಿರಣ್ ಕುಮಾರ್ ಎಂಬ ಹುಡುಗಾಟದ ಯುವಕನಿಗೆ ಇದನ್ನು ಕಂಡರೆ ನಗು. ಕಳೆದ ವರ್ಷವೇ ಅವನು ಒಂದು ಗುಟ್ಟು ಹೇಳಿದ್ದ.

"ಅಣ್ಣ, ಆ ಸೈಟು ಏನೂ ಚೆಕ್ ಮಾಡಲ್ಲ. ಬರೀ ಹೆಸ್ರು ಕೇಳ್ತದೆ ಅಷ್ಟೇ. ನೀನ್ಯಾರು ಅಂತದೆ, ಬ್ರೌಸರು ತನ್ನೆಸ್ರು ಹೇಳ್ತದೆ. ಇವ್ನಲ್ಲ ಅಂತ ಆಚೆಗೆ ಅಟ್ಟುತ್ತದೆ. ಹೊಸ ಕಂಪ್ಯೂಟ್ರಲ್ಲೇ ಆ ಹಳೇ ಬ್ರೌಸರ್ ಹೆಸ್ರು ಹೇಳ್ಸಿದ್ರೆ ಬಾಗ್ಲು ತಗೀತದೆ. ಎರಡೇ ನಿಮಿಷದ ಕೆಲಸ, ಮಾಡ್ಕೊಡ್ಲಾ?"

"ಒಳಿಕ್ಕೆ ಓದ್ಮೇಲೆ?"

"ಒಳಗೆ ಎಲ್ಲಾ ಕೆಲಸನೂ ಮಾಡ್ತದೆ. ನಿನ್ ದೊಡ್ಡಯ್ಯನಿಗಿಂತ ಚೆನ್ನಾಗೇ ಮಾಡ್ತದೆ."

ಪುಟ್ಟಮಾದು ಮುಖ ಗಂಟು ಹಾಕಿಕೊಂಡು ಹೇಳಿದ: "ಬ್ಯಾಡ. ಸುಳ್ಳೆಸ್ರು ಹೇಳಿ ಒಳಿಕ್ಕೋಗ ಬಾಳು ನನ್ನಂಗ್ಡೀಲಿ ಬ್ಯಾಡ. ದೊಡ್ಡಯ್ಯ ತನ್ನೆಸ್ರು ಹೇಳ್ಕಂಡೇ ಓಯ್ತನ, ಓಗ್ಲಿ."

ಒಂದು ಯಂತ್ರದ ಹೆಸರಿನ ಬಗ್ಗೆ ಈ ಮನುಷ್ಯ ಇಷ್ಟು ಬಿಗಿಯೇಕೆ ಎಂದು ಕಿರಣ್ ಕುಮಾರನಿಗೆ ಅರ್ಥವಾಗಲಿಲ್ಲ. ಅದಕ್ಕೆ ಇಪ್ಪತ್ತು ವರ್ಷಕ್ಕೂ ಹಿಂದಿನ ಚಾಮರಾಜನಗರಕ್ಕೆ ಹೋಗಬೇಕು.

ಆಗ ಪುಟ್ಟಮಾದುವಿಗೆ ಇಪ್ಪತ್ತರ ಆಸುಪಾಸು. ತನ್ನೂರಾದ ಹಂಗಳದಿಂದ ಕಂಪ್ಯೂಟರ್ ಕಲಿಯಲು ಬಂದಿದ್ದ. ದಿನವೂ ಬಸ್ಸಿನಲ್ಲಿ ಓಡಾಡಿದರೆ ಬೆಳಗಿನ ತರಗತಿ ತಪ್ಪುತ್ತಿತ್ತು. ಒಂದು ಕೋಣೆ ಬೇಕಿತ್ತು. ಐದು ಮನೆಗಳ ಮುಂದೆ ನಿಂತು ತನ್ನ ಹೆಸರು, ಊರು ಹೇಳಿದ. ಐದು ಮನೆಯವರೂ ಬಹಳ ವಿನಯದಿಂದ, ನಿನ್ನೆಯಷ್ಟೇ ಯಾರಿಗೋ ಕೊಟ್ಟೆವು ಎಂದರು. ಒಂದೇ ನಿನ್ನೆಯಲ್ಲಿ ಊರಿನ ಕೋಣೆಗಳೆಲ್ಲ ತುಂಬಿಹೋಗಿದ್ದವು. ಆರನೆಯ ಮನೆಗೆ ಸಹಪಾಠಿ ಲಿಂಗಯ್ಯ ಜೊತೆಗೆ ಬಂದ. ದೊಡ್ಡಂಗಡಿ ಬೀದಿಯ ಹಿಂದಿನ ಸಂದಿಯಲ್ಲಿತ್ತು ಆ ಮನೆ. ಬಾಗಿಲಿಗೆ ಬಂದ ಯಜಮಾನಿತಿ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, "ಯಾವ್ ಪೈಕಿಯಪ್ಪ ನೀವು?" ಎಂದಳು.

ಪುಟ್ಟಮಾದು ಬಾಯಿ ತೆರೆಯುವ ಮುಂಚೆ ಲಿಂಗಯ್ಯ ಹೇಳಿಬಿಟ್ಟ: "ನಮ್ ಪೈಕೀಯೆ ಕಣವ್ವ. ಮಹೇಶ ಅಂತ. ಬಲು ಸಾಧು."

ಬಾಗಿಲು ತೆರೆಯಿತು.

ಹನ್ನೊಂದು ತಿಂಗಳು ಪುಟ್ಟಮಾದು ಮಹೇಶನಾಗಿದ್ದ. ಮಹೇಶ ಎಂದರೂ ಬೆಟ್ಟದ ಮಾದಪ್ಪನೇ, ಮಾದು ಎಂದರೂ ಮಾದಪ್ಪನೇ. ದೇವರಿಗಿಲ್ಲದ ತಕರಾರು ಬಾಗಿಲಿಗಿತ್ತು, ಅಷ್ಟೇ. ಯಜಮಾನಿತಿಯ ಹೆಸರು ಸುಂದ್ರಮ್ಮ. ಒಳ್ಳೆಯ ಹೆಂಗಸು, ಒಳ್ಳೆಯತನದ ಬಗ್ಗೆ ಅನುಮಾನ ಬೇಡ. ಮಹೇಶನಿಗೆ ಜ್ವರ ಬಂದಾಗ ಮೆಣಸಿನ ಸಾರು ಮಾಡಿ ತಂದುಕೊಟ್ಟಳು. ಯುಗಾದಿಗೆ ಒಬ್ಬಟ್ಟಿನ ಮೇಲೆ ತುಪ್ಪ ಸುರಿದು, "ತಿನ್ನು ಮಗ, ಸೀಕಲನಂಗಿದ್ದೀಯೆ" ಎಂದಳು. ಸಂಜೆ ಅವನು ಬರುವುದು ತಡವಾದರೆ ಜಗಲಿಯ ಮೇಲೆ ಕೂತು ಕಾಯುತ್ತಿದ್ದಳು. ಆ ದಿನಗಳಲ್ಲಿ ಪುಟ್ಟಮಾದುವಿಗೆ ಮಹೇಶನನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತಿತ್ತು.

ಊರಿಗೆ ಹೋದಾಗ ಅಪ್ಪ ಮಾರಯ್ಯನಿಗೆ, ಕಾಗದ ಹಾಕಿಸಿದರೆ ಮಹೇಶ ಅಂತ ಹಾಕಿಸು ಎಂದಿದ್ದ. ಮಾರಯ್ಯ ಹೂಂ ಎಂದಿರಲಿಲ್ಲ, ಊಹೂಂ ಎಂದಿರಲಿಲ್ಲ. ಆಮೇಲೊಂದು ದಿನ ಮೇಷ್ಟರ ಕೈಯಲ್ಲಿ ಒಂದು ಕಾರ್ಡು ಬರೆಸಿದ. ಮೇಲೆ ವಿಳಾಸ: ಪುಟ್ಟಮಾದು ಬಿನ್ ಮಾರಯ್ಯ, ಸುಂದ್ರಮ್ಮನವರ ಮನೆ. ಹಿಂಬದಿಯಲ್ಲಿ ಸಂತೋಷದ ಸುದ್ದಿ: ನಮ್ಮ ಕೇರಿಗೂ ನೀರಿನ ಟ್ಯಾಂಕು ಬಂತು, ನಿಮ್ಮವ್ವ ಈಗ ನೀರಿಗೆ ದೂರ ಹೋಗಬೇಕಾಗಿಲ್ಲ. ಸುಂದ್ರಮ್ಮನಿಗೆ ಓದು ಬಾರದು. ಅಂಚೆಯವನು ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಓದಿ ಹೇಳಿದ.

ಸಂಜೆ ಪುಟ್ಟಮಾದು ಬಂದಾಗ ಅವನ ಟ್ರಂಕು ಜಗಲಿಯ ಮೇಲಿತ್ತು. ಕೋಣೆ ತೊಳೆದಿದ್ದರು, ನೀರು ಇನ್ನೂ ಬಚ್ಚಲಿಗೆ ಹರಿಯುತ್ತಿತ್ತು. ಟ್ರಂಕಿನ ಮೇಲೆ ಒಂದು ಸ್ಟೀಲು ಲೋಟ, ಅವನು ದಿನಾ ಕಾಫಿ ಕುಡಿಯುತ್ತಿದ್ದ ಲೋಟ. ಸುಂದ್ರಮ್ಮ ಬೈಯಲಿಲ್ಲ. ಹೊಸಲಿನ ಒಳಗೆ ನಿಂತು, "ಯೋಳ್ಬುಡ್ಬೇಕಾಗಿತ್ತು ಕಣಪ್ಪ" ಎಂದಳು. ಆಮೇಲೆ, "ಆ ಲೋಟ ನೀನೇ ಮಡಿಕ" ಎಂದಳು.

ಆ ಕಾಲದಲ್ಲಿ ಪಾತ್ರೆಯಂಗಡಿಯವರು ಕೊಂಡವರ ಹೆಸರನ್ನು ಪಾತ್ರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದು ಕೊಡುತ್ತಿದ್ದರು. ಮದುವೆ ಮುಂಜಿಗೆ ಎರವಲು ಹೋದದ್ದು ಗುರುತು ಹಿಡಿದು ಮನೆಗೆ ಬರಲಿ ಎಂದು. ಆ ಲೋಟದ ಮೇಲೂ 'ಸುಂದ್ರಮ್ಮ' ಎಂದಿತ್ತು. ಪುಟ್ಟಮಾದು ಅದನ್ನು ದಾರಿಯಲ್ಲಿ ಎಸೆಯಬೇಕೆಂದುಕೊಂಡ. ಹಂಗಳದ ಬಸ್ಸು ಇಳಿಯುವವರೆಗೂ ಅಂದುಕೊಳ್ಳುತ್ತಲೇ ಇದ್ದ.

ಮುಂದೆ ಅಂಗಡಿ ಇಟ್ಟಾಗ ಲೋಟ ಮೇಜಿನ ಮೇಲೆ ಬಂದು ಕೂತಿತು. ಅದರಲ್ಲಿ ನಾಲ್ಕು ಪೆನ್ನು ಮತ್ತು ಒಂದು ಕಟ್ಟು ಊದುಬತ್ತಿ. ಕುಡಿಯಲು ಮಾತ್ರ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಅದರ ಕಥೆ ಹೆಂಡತಿ ಮಲ್ಲಿಗಮ್ಮನಿಗೆ ಗೊತ್ತು. ಪ್ರತಿ ಬೆಳಿಗ್ಗೆ ಅಂಗಡಿ ಗುಡಿಸಿ, ಲೋಟದಿಂದ ಒಂದು ಊದುಬತ್ತಿ ತೆಗೆದು ಹಚ್ಚಿ, ದೊಡ್ಡಯ್ಯನ ಪೆಟ್ಟಿಗೆಯ ನೆತ್ತಿಯಲ್ಲಿದ್ದ ಗಾಳಿಯ ಸೀಳೊಂದಕ್ಕೆ ಸಿಕ್ಕಿಸುತ್ತಿದ್ದಳು. ಊದುಬತ್ತಿಗೆಂದೇ ಮಾಡಿಸಿದಂತಿತ್ತು ಆ ಸೀಳು. ಹದಿನಾಲ್ಕು ವರ್ಷ, ದಿನಕ್ಕೊಂದು.

ಆ ಬುಧವಾರವೂ ಸಿಕ್ಕಿಸಿದ್ದಳು.

ಮಧ್ಯಾಹ್ನ ಮೂರೂವರೆಗೆ ಚಾಮರಾಜನಗರದ ಬಸ್ಸಿನಿಂದ ಇಳಿದು ಒಬ್ಬ ಹುಡುಗಿ ಓಡುತ್ತಾ ಬಂದಳು. ಹಿಂದೆ ಕೈಚೀಲ ಹಿಡಿದ ಮುದುಕಿ. ಹುಡುಗಿಯ ಹೆಸರು ಶಿವರಂಜಿನಿ. ನರ್ಸಿಂಗ್ ಓದಿ ಮೂರು ವರ್ಷದಿಂದ ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸುತ್ತಿದ್ದಳು. ಈಗ ಆಯ್ಕೆಯಾಗಿತ್ತು. ಆದರೆ ಆ ದಿನ ಸಂಜೆ ಐದು ಗಂಟೆಯೊಳಗೆ ತಾಣದಲ್ಲಿ ಒಪ್ಪಿಗೆ ತುಂಬದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತಿತ್ತು.

"ಎರಡು ದಿನದಿಂದ ಸುತ್ತಿದೀನಿ ಸರ್. ಫೋನಲ್ಲಿ ಬರಲ್ಲ, ಸೈಬರಲ್ಲಿ ಬರಲ್ಲ, ಆಫೀಸಲ್ಲೂ ಬರಲ್ಲ. ಎಲ್ಲಾ ಕಡೆ ಅದೇ ಕೆಂಪಕ್ಷರ. ಕೊನೆಗೆ ಆಫೀಸ್‌ನೋರೇ ನಿಮ್ಮ ಹೆಸ್ರು ಹೇಳಿದ್ರು."

"ಕೂತ್ಕಳಮ್ಮಿ. ದೊಡ್ಡಯ್ಯ ಬೆಳಗ್ನಿಂದ ಎದ್ದೇ ಅವ್ನ."

ಮುದುಕಿ ಸ್ಟೂಲಿನ ಮೇಲೆ ಕೂತು ಉಸಿರು ಬಿಟ್ಟಳು. ದಪ್ಪ ಕನ್ನಡಕದೊಳಗಿಂದ ಅಂಗಡಿಯನ್ನೆಲ್ಲ ನೋಡಿದಳು. ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದ್ದು ಆಕೆಯೇ. ಕೆಲಸದ ವಿಷಯಕ್ಕೆ ಒಬ್ಬಳನ್ನೇ ಕಳಿಸಲು ಮನಸ್ಸು ಒಪ್ಪದೆ ಬಂದಿದ್ದಳು.

"ಯಾವೂರಪ್ಪ ನಿಂದು?"

"ಹಂಗಳ ಕಣವ್ವ."

"ಹಂಗಳ್ದಲ್ಲಿ ಯಾವ್ ಪೈಕಿ?"

"ಅಜ್ಜೀ!" ಎಂದು ಹುಡುಗಿ ಹಲ್ಲು ಕಚ್ಚಿದಳು. "ಸುಮ್ನಿರು ಸ್ವಲ್ಪ. ಸರ್, ಬೇಜಾರ್ ಮಾಡ್ಕೋಬೇಡಿ."

ಪುಟ್ಟಮಾದುವಿಗೆ ಆ ಧ್ವನಿ ಎಲ್ಲೋ ಕೇಳಿದಂತಾಯಿತು. ಆದರೆ ಈ ಪ್ರಶ್ನೆ ಕೇಳುವ ಧ್ವನಿಗಳೆಲ್ಲ ಒಂದೇ ತರ ಇರುತ್ತವೆ ಎಂದುಕೊಂಡು ಕೀಲಿಮಣೆಗೆ ಬಗ್ಗಿದ. ತಾಣ ತೆರೆಯಿತು. ದೊಡ್ಡಯ್ಯನನ್ನು ಹೆಸರು ಕೇಳಿ, ಸರಿ ಎಂದು ಒಳಗೆ ಬಿಟ್ಟಿತು. ಹುಡುಗಿಯ ಹೆಸರು, ಹುಟ್ಟಿದ ದಿನ, ಆಯ್ಕೆ ಸಂಖ್ಯೆ. ನಂತರ ಖಾಯಂ ವಿಳಾಸ. ಹುಡುಗಿ ಕಾಗದ ನೋಡಿ ಓದತೊಡಗಿದಳು. ದೊಡ್ಡಂಗಡಿ ಬೀದಿ ಎಂಬಲ್ಲಿಗೆ ಅವನ ಬೆರಳು ನಿಧಾನವಾಯಿತು. ಹಿಂದಿನ ಸಂದಿ ಎಂಬಲ್ಲಿಗೆ ನಿಂತಿತು. ಮನೆ ನಂಬರನ್ನು ಅವಳು ಹೇಳುವ ಮೊದಲೇ ಅವನು ಒತ್ತಿದ್ದ.

"ನಿಮಗೆಂಗೆ ಗೊತ್ತಾಯ್ತು ಸರ್?"

"ಕಾಗದ್ದಲ್ಲಿ ಕಾಣ್ತಲ್ಲಮ್ಮಿ" ಎಂದ. ಕಾಗದ ಅವನಿಗೆ ಬೆನ್ನು ಮಾಡಿತ್ತು.

ತಲೆಯೆತ್ತಿ ಮುದುಕಿಯನ್ನು ನೋಡಿದ. ಹೌದು, ಅವಳೇ. ಕೆನ್ನೆ ಒಳಕ್ಕೆ ಹೋಗಿತ್ತು, ಕೂದಲು ಒಂದು ಹಿಡಿಯಷ್ಟಾಗಿತ್ತು. ಪ್ರಶ್ನೆಗೆ ಮಾತ್ರ ವಯಸ್ಸಾಗಿರಲಿಲ್ಲ.

ಅಷ್ಟರಲ್ಲಿ ದೊಡ್ಡಯ್ಯ ಒಮ್ಮೆ ಜೋರಾಗಿ ನರಳಿದ. ಪರದೆ ಮಿನುಗಿ ಕಪ್ಪಾಯಿತು. ಸುಟ್ಟ ವೈರಿನ ವಾಸನೆ ಬಂತು. ಅದರ ಜೊತೆಗೇ ಗಂಧದ ಪರಿಮಳವೂ. ಪುಟ್ಟಮಾದು ವೈರು ಕಿತ್ತು, ಸ್ಕ್ರೂ ಬಿಚ್ಚಿ, ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಫ್ಯಾನೂ ಇಲ್ಲ, ತಗಡೂ ಇಲ್ಲ, ಎಲ್ಲ ಬೂದಿಯಲ್ಲಿ ಹೂತುಹೋಗಿತ್ತು. ಹದಿನಾಲ್ಕು ವರ್ಷದ ಊದುಬತ್ತಿ. ಒಂದು ಮಠಕ್ಕೆ ಸಾಲುವಷ್ಟು ವಿಭೂತಿ.

ಮೆಟ್ಟಿಲ ಮೇಲಿದ್ದ ಮಲ್ಲಿಗಮ್ಮ ಇಣುಕಿ ನೋಡಿ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ಅವ್ನು ಚೆಂದಾಗಿರ್ಲಿ ಅಂತ್ಲೇ ಅಲ್ವಾ ನಾನು ಹಚ್ತಿದ್ದುದು!"

"ಚೆಂದಾಗೇ ಕಳಿಸ್ಬುಟ್ಟೆ ಬುಡು" ಎಂದ ಪುಟ್ಟಮಾದು.

ಗೋಡೆ ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಶಿವರಂಜಿನಿ ಅಳಲಿಲ್ಲ. ಆಯ್ಕೆಪತ್ರವನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಿಸುತ್ತಾ ಕೂತಿದ್ದಳು. "ಮುಂದಿನೋರು ಯಾರೋ ಪುಣ್ಯ ಮಾಡಿದಾರೆ" ಎಂದಳು.

ಪುಟ್ಟಮಾದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತೇ ಇದ್ದ. ಅವನೀಗ ಸುಳ್ಳು ಹೇಳಬೇಕಿರಲಿಲ್ಲ, ಮೋಸ ಮಾಡಬೇಕಿರಲಿಲ್ಲ, ಒಂದು ಕೆಟ್ಟ ಮಾತೂ ಆಡಬೇಕಿರಲಿಲ್ಲ. ಮಿಷನ್ನು ಕೆಟ್ಟೋಯ್ತು ಕಣವ್ವ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದ್ದರೆ ಸಾಕಿತ್ತು. ಮುದುಕಿ ಮೊಮ್ಮಗಳ ಕೈ ಹಿಡಿದು ಮೆಟ್ಟಿಲಿಳಿದು ಹೋಗುತ್ತಿದ್ದಳು. ಇಪ್ಪತ್ತು ವರ್ಷದಿಂದ ಅವನು ಕಾಪಾಡಿಕೊಂಡು ಬಂದ ಪ್ರಾಮಾಣಿಕತೆ ಇಂಥ ಅನುಕೂಲವನ್ನು ಹಿಂದೆಂದೂ ಮಾಡಿಕೊಟ್ಟಿರಲಿಲ್ಲ.

ಎದ್ದು ಕಿರಣ್ ಕುಮಾರನಿಗೆ ಫೋನು ಮಾಡಿದ.

"ಮದರ್ ಬೋರ್ಡ್ ಹೋಗಿರ್ತದೆ ಅಣ್ಣ. ನಾನು ಮೈಸೂರಲ್ಲಿದೀನಿ" ಎಂದು ಅವನು ಶುರು ಮಾಡಿದ.

"ಅದಿರ್ಲಿ ಕಣ್ಲಾ. ಆ ಸುಳ್ಳೆಸ್ರು ಎಲ್ಲಿ ಹಾಕ್ಬೇಕು, ಯೋಳು."

ಕಿರಣ್ ಕುಮಾರ್ ನಗದೆ ಹೇಳಿಕೊಟ್ಟ. ಹೊಸ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಪಕ್ಕದಲ್ಲೊಂದು ಕಿಟಕಿ ತೆರೆಯಿತು. ಅದರ ಕೆಳಮೂಲೆಯಲ್ಲಿ ಒಂದು ಪಟ್ಟಿ. ಅದರಲ್ಲಿತ್ತು ಬ್ರೌಸರು ಬಾಗಿಲುಬಾಗಿಲಿಗೆ ಹೇಳುವ ಹೆಸರು. ಒಂದು ಪದವಿರಬಹುದು ಎಂದುಕೊಂಡಿದ್ದ ಪುಟ್ಟಮಾದು ಕಣ್ಣರಳಿಸಿದ. ಅದು ರೈಲಿನಷ್ಟು ಉದ್ದವಿತ್ತು. ತನ್ನ ಹೆಸರಿನ ಮುಂದೆ ಇನ್ನೊಂದರ ಹೆಸರು, ಅದರ ಮುಂದೆ ಮತ್ತೊಂದರದು, ಕೊನೆಯಲ್ಲೂ ಇನ್ಯಾರದೋ.

"ಇದ್ಯಾಕ್ಲಾ ಇಷ್ಟೊಂದು ಹೆಸ್ರು?"

"ಎಲ್ಲಾ ಬ್ರೌಸರ್ರೂ ಅಂಗೇ ಅಣ್ಣ. ಹೊಸದಾಗಿ ಬಂದಾಗ ಯಾರೂ ಒಳಗೆ ಬಿಡ್ತಿರ್ಲಿಲ್ಲ. ಅದ್ಕೇ ಹಳಬರ ಹೆಸ್ರು ಮುಂದೆ ಸೇರಿಸ್ಕೊಂಡು, ನಾನೂ ಅವರ ಕಡೆಯೋನೇ ಅಂತ ಹೇಳ್ಕೊಂಡು ಒಳಗೆ ಹೋದ್ವು. ಆಮೇಲೆ ಬಂದೋರು ಇವರ ಹೆಸ್ರೂ ಸೇರಿಸ್ಕೊಂಡ್ರು. ಒಂದಕ್ಕೂ ಬರೀ ತನ್ನೆಸ್ರು ಹೇಳ್ಕೊಂಡು ಓಡಾಡೋ ಯೋಗ ಇಲ್ಲ."

"ನಮ್ ದೊಡ್ಡಯ್ಯ?"

"ನಿನ್ ದೊಡ್ಡಯ್ಯನೂ ಅಷ್ಟೇ ಅಣ್ಣ. ಹುಟ್ಟಿದಾಗ್ನಿಂದ ಇನ್ನೊಬ್ಬನ ಹೆಸ್ರು ಮುಂದಿಟ್ಕೊಂಡೇ ಹೋಗ್ತಿದ್ದ."

ಪುಟ್ಟಮಾದು ಕೆಳಗೆ ಬೂದಿಯಲ್ಲಿ ಮಲಗಿದ್ದ ದೊಡ್ಡಯ್ಯನನ್ನು ನೋಡಿದ. ಹದಿನಾಲ್ಕು ವರ್ಷ ತನ್ನ ಪರವಾಗಿ ನಿಜ ಹೇಳುತ್ತಾನೆ ಎಂದು ಅವನು ಕುಂಕುಮವಿಟ್ಟು ಸಾಕಿದ್ದು ಇನ್ನೊಬ್ಬ ಮಹೇಶನನ್ನು. ಬೇಸರವಾಗಬೇಕಿತ್ತು, ನಗು ಬಂತು. ಪಟ್ಟಿಯನ್ನು ಅಳಿಸಿ, ಕಿರಣ್ ಕುಮಾರ್ ಕಳಿಸಿದ ಹಳೆಯ ಹೆಸರನ್ನು ಹಾಕಿ ಗುಂಡಿ ಒತ್ತಿದ.

ಕೆಂಪಕ್ಷರ ಬರಲಿಲ್ಲ. ಬಾಗಿಲು ತೆರೆಯಿತು. ಚಾಮರಾಜನಗರದ ಆ ಆರನೆಯ ಮನೆಯ ಬಾಗಿಲಿನ ಹಾಗೆಯೇ, ಏನೂ ಆಗಿಲ್ಲವೆಂಬಂತೆ.

"ಬಂತು!" ಎಂದು ಶಿವರಂಜಿನಿ ಸ್ಟೂಲು ಬೀಳಿಸಿ ಎದ್ದಳು.

"ಅದ್ಯಾನ ಕೇಳ್ತಿತ್ತು ಅದು ಇಷ್ಟೊತ್ತು?" ಎಂದಳು ಸುಂದ್ರಮ್ಮ. ಸ್ಟೂಲಿನ ಸದ್ದಿಗೆ ಆಕೆಯ ತೂಕಡಿಕೆ ಹರಿದಿತ್ತು.

ಪುಟ್ಟಮಾದು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಯಾವ್ ಪೈಕಿ ಅಂತ ಕೇಳ್ತಿತ್ತು ಕಣವ್ವ."

"ಯಾನಂದೆ?"

"ನಿಮ್ ಪೈಕೀಯೆ ಅಂದಿ."

"ಅಷ್ಟಕ್ಕೇ ಬುಟ್ಬುಡ್ತಾ?"

"ಅಷ್ಟಕ್ಕೇ ಬುಡ್ತದ. ಒಳಿಕ್ಕೆ ಓದ್ಮೇಲೆ ಕೆಲ್ಸ ನೋಡ್ತದ, ಇನ್ನೇನೂ ನೋಡಲ್ಲ."

"ಪೆದ್ದು ಅದು" ಎಂದಳು ಸುಂದ್ರಮ್ಮ.

"ಊಂ ಕಣವ್ವ."

ಮೊದಲಿನಿಂದ ಎಲ್ಲವನ್ನೂ ತುಂಬಬೇಕಿತ್ತು. ಖಾಯಂ ವಿಳಾಸವನ್ನು ಅವನು ಕಾಗದ ಕೇಳದೆ ತುಂಬಿದ. ಹನ್ನೊಂದೇ ತಿಂಗಳಿದ್ದ ಮನೆ. ಆದರೂ ಬೆರಳಿಗೆ ಅದು ಖಾಯಂ ಆಗಿಯೇ ಉಳಿದಿತ್ತು. ಸಹಿಯ ಚಿತ್ರ ದೊಡ್ಡದಾಯಿತು ಎಂದು ತಾಣ ಒಮ್ಮೆ ತಕರಾರು ತೆಗೆಯಿತು, ಸಣ್ಣದು ಮಾಡಿದ. ಫೋನಿಗೆ ಬರಬೇಕಾದ ಓಟಿಪಿ ಸಂಖ್ಯೆ ಬರಲಿಲ್ಲ. ಹುಡುಗಿ ರಸ್ತೆಗೆ ಓಡಿ, ಫೋನನ್ನು ಮುಗಿಲಿಗೆ ಹಿಡಿದು ನಿಂತಳು. ಟೊಮೆಟೊ ತುಂಬಿದ ಲಾರಿಯೊಂದು ಹಾರ್ನು ಹೊಡೆದು ಬೈದುಕೊಂಡು ಹೋಯಿತು. ಸಂಖ್ಯೆ ಬಂತು. ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ನಿಮ್ಮ ಒಪ್ಪಿಗೆಯನ್ನು ಸ್ವೀಕರಿಸಲಾಗಿದೆ.

ಶಿವರಂಜಿನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಬೆರಳ ಸಂದಿಯಿಂದ ನೋಡಿ, "ಸರ್, ಇಷ್ಟೇನಾ? ಬರೀ ಹೆಸ್ರಿಗಾ ಎರಡು ದಿನ ನನ್ನ ಅಲೆಸಿದ್ದು?" ಎಂದಳು.

"ಇಷ್ಟೇ ಕಣಮ್ಮಿ. ನೀನು ಎರಡು ದಿನಕ್ಕೇ ಒಳಿಕ್ಕೋದೆ."

ಮಲ್ಲಿಗಮ್ಮ ಪಕ್ಕದ ಹೋಟೆಲಿನಿಂದ ಟೀ ತಂದಳು, ಪೇಪರ್ ಕಪ್ಪುಗಳಲ್ಲಿ. ಸುಂದ್ರಮ್ಮ ಕುಡಿದಳು. ಪೇಪರ್ ಕಪ್ಪು ಬಂದ ಮೇಲೆ ಗುಂಡ್ಲುಪೇಟೆಯ ಹೋಟೆಲುಗಳಲ್ಲಿ ಯಾರ ಲೋಟ ಯಾವುದು ಎಂಬ ಪ್ರಶ್ನೆ ಇಲ್ಲ. ಪ್ರಶ್ನೆ ಹೋಗಿರಲಿಕ್ಕಿಲ್ಲ, ಲೋಟ ಹೋಗಿದೆ.

ಮುದ್ರಿಸಿದ ಸ್ವೀಕೃತಿಗೆ ಸಹಿ ಬೇಕಿತ್ತು. ಹುಡುಗಿ ಪೆನ್ನಿಗಾಗಿ ಮೇಜಿನ ಮೇಲಿನ ಲೋಟಕ್ಕೆ ಕೈ ಹಾಕಿದಳು. ಲೋಟ ಅರ್ಧ ಸುತ್ತು ತಿರುಗಿತು. ಅಕ್ಷರ ಬಾರದ ಸುಂದ್ರಮ್ಮನಿಗೆ ಈ ಲೋಕದಲ್ಲಿ ಗುರುತಿದ್ದ ಬರಹ ಒಂದೇ, ಪಾತ್ರೆಗಳ ಮೇಲಿನ ತನ್ನ ಹೆಸರು. ಆಕೆ ಟೀ ಕೆಳಗಿಟ್ಟಳು. ಲೋಟವನ್ನು ಹತ್ತಿರ ಎಳೆದುಕೊಂಡು ಚುಕ್ಕಿಗಳ ಮೇಲೆ ಹೆಬ್ಬೆರಳು ಆಡಿಸಿದಳು. ಒಮ್ಮೆ, ಇನ್ನೊಮ್ಮೆ. ಕನ್ನಡಕದ ಮೇಲಿನಿಂದ ಪುಟ್ಟಮಾದುವನ್ನು ನೋಡಿದಳು. ಅವನು ಪ್ರಿಂಟರಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂಬಂತೆ ಬಗ್ಗಿದ. ಪ್ರಿಂಟರಿನಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ.

ಲೋಟವನ್ನು ಕೈಯಲ್ಲಿ ತೂಗಿ ನೋಡಿ ಆಕೆ ಅಂದಳು: "ಗಟ್ಟಿ ಮಾಲು. ಈಗಿನವು ಎರಡ್ ಸಲ ಬೆಳಗುದ್ರ ನೆಗ್ಗೋಯ್ತವ."

"ಊಂ ಕಣವ್ವ."

"ಇದ್ನ ನಾನು ತಕ್ಕಂಡೋಯ್ತೀನಿ."

"ಅಜ್ಜೀ, ಮಾನ ತೆಗಿಬೇಡ!" ಎಂದಳು ಹುಡುಗಿ.

ಮಲ್ಲಿಗಮ್ಮನ ಮುಖ ಕೆಂಪಾಯಿತು. "ಅದ್ಯಾಕ ತಕ್ಕಂಡೋದಾರು? ಅದು ನಮ್ಮಂಗ್ಡಿ ಲೋಟ."

"ನನ್ನೆಸ್ರದ ಕಣವ್ವ ಅದ್ರಲ್ಲಿ" ಎಂದಳು ಸುಂದ್ರಮ್ಮ, ಅಪ್ಪಣೆ ಕೇಳುವವಳ ಹಾಗಲ್ಲ, ತಪ್ಪೊಪ್ಪಿಕೊಳ್ಳುವವಳ ಹಾಗೂ ಅಲ್ಲ.

"ಕೊಡು, ಅವ್ರದೇಯ" ಎಂದ ಪುಟ್ಟಮಾದು.

ಸುಂದ್ರಮ್ಮ ಪೆನ್ನುಗಳನ್ನೂ ಊದುಬತ್ತಿಯನ್ನೂ ಮೇಜಿನ ಮೇಲೆ ಸುರಿದಳು. ಸೆರಗಿನಿಂದ ಲೋಟದ ಒಳಗನ್ನು ಒರೆಸಿದಳು. "ಒಂದೀಟು ನೀರು ಕೊಡು ಮಗಳೆ" ಎಂದು ಮಲ್ಲಿಗಮ್ಮನ ಕಡೆ ಚಾಚಿದಳು. ಮಲ್ಲಿಗಮ್ಮ ಗಂಡನ ಮುಖ ನೋಡಿ, ಬಾಟಲಿಯಿಂದ ನೀರು ಹಾಕಿದಳು. ಸುಂದ್ರಮ್ಮ ಎತ್ತಿ ಕುಡಿದಳು, ತುಟಿಗೆ ತಾಗಿಸದೆ. ಎತ್ತಿ ಕುಡಿಯುವುದು ಆ ಕಾಲದವರೆಲ್ಲರ ಅಭ್ಯಾಸ. ಅದರಿಂದ ಏನನ್ನೂ ತಿಳಿಯುವಂತಿಲ್ಲ. ಆಮೇಲೆ ಲೋಟವನ್ನು ಮೊಮ್ಮಗಳ ಸ್ವೀಕೃತಿಯ ಜೊತೆಗೆ ಕೈಚೀಲಕ್ಕೆ ಹಾಕಿದಳು. ಇಪ್ಪತ್ತು ವರ್ಷದ ಹಿಂದೆ ಮನೆಗೆ ಬೇಡವಾದದ್ದು ಈಗ ಮನೆಗೆ ಹೊರಟಿತ್ತು.

ಮೆಟ್ಟಿಲಿಳಿದು, ಗೋಡೆ ಹಿಡಿದು ನಿಂತು, ತಿರುಗದೆಯೇ ಆಕೆ ಅಂದಳು: "ಬತ್ತೀನಿ ಕಣ್ಮಗ."

ಅದು ಯಾರಿಗೆ ಹೇಳಿದ್ದು ಎಂದು ಪುಟ್ಟಮಾದು ಇಂದಿಗೂ ಯೋಚಿಸುತ್ತಾನೆ. ಆ ಮನೆಯಲ್ಲಿ ಮಗ ಎನಿಸಿಕೊಂಡಿದ್ದವನು ಮಹೇಶ. ಪುಟ್ಟಮಾದು ಆದವನಿಗೆ ಸಿಕ್ಕಿದ್ದು ಬರೀ 'ಕಣಪ್ಪ'.

"ಕ್ಷಮ್ಸು ಅಂತ ಒಂದು ಮಾತು ಬಂತಾ ಆ ಬಾಯಲ್ಲಿ?" ಎಂದು ಮಲ್ಲಿಗಮ್ಮ ಸಂಜೆಯೆಲ್ಲ ಗೊಣಗಿದಳು. "ಲೋಟ ಬ್ಯಾರೆ ಹೊತ್ಕಂಡೋದ್ಲು. ನೀವಾದ್ರೂ ನಾನೇ ಆ ಮಹೇಶ ಅಂತ ಯೋಳ್ಬಾರ್ದಾಗಿತ್ತಾ?"

"ನಾನು ಮಹೇಶ ಅಲ್ವಲ್ಲ" ಎಂದ ಪುಟ್ಟಮಾದು. ಮೇಜಿನ ಮೇಲೆ ಲೋಟವಿದ್ದ ಜಾಗದಲ್ಲಿ ಒಂದು ದುಂಡನೆಯ ಕಲೆ ಉಳಿದಿತ್ತು. ಇಪ್ಪತ್ತು ವರ್ಷ ಜೋಪಾನ ಮಾಡಿದ್ದ ಸಿಟ್ಟನ್ನು ಯಾರೋ ಹಾಡಹಗಲಿನಲ್ಲಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ ಹಾಗಿತ್ತು. ದೂರು ಕೊಡೋಣವೆಂದರೆ ಮಾಲಿನ ಮೇಲೆ ಅವಳದೇ ಹೆಸರು.

ಶಿವರಂಜಿನಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ದೊಡ್ಡಯ್ಯ ಈಗ ಅಂಗಡಿಯ ಮೂಲೆಯಲ್ಲಿ ನಿಂತಿದ್ದಾನೆ. ಒಳಗೆ ಏನೂ ಇಲ್ಲದಿರುವುದರಿಂದ ಮಲ್ಲಿಗಮ್ಮ ಧೈರ್ಯವಾಗಿ ಅವನ ನೆತ್ತಿಗೇ ಊದುಬತ್ತಿ ಸಿಕ್ಕಿಸುತ್ತಾಳೆ. ಚಾಮರಾಜನಗರದ ಕಚೇರಿಯಿಂದ ಜನ ಬರುತ್ತಲೇ ಇದ್ದಾರೆ. ಪುಟ್ಟಮಾದು ಈಗ ಗುಟ್ಟು ಬಚ್ಚಿಡುವುದಿಲ್ಲ, ಕೇಳಿದವರಿಗೆ ಹೇಳಿಕೊಡುತ್ತಾನೆ. ಆದರೂ ಅವರು ಅವನಲ್ಲಿಗೇ ಬರುತ್ತಾರೆ. ಸುಳ್ಳು ಹೇಳುವುದಕ್ಕೂ ಜನರಿಗೆ ನಂಬಿಕಸ್ತರು ಬೇಕು.

ಬಾಗಿಲು ತೆಗೆದು, ಬೋರ್ಡಿನ ಧೂಳು ಒರೆಸಿ ಕೂತ ಕೂಡಲೇ ಅವನು ಮಾಡುವ ಕೆಲಸ ಒಂದಿದೆ. ಹೊಸ ಕಂಪ್ಯೂಟರಿನಲ್ಲಿ ಯಾವ ಹೆಸರನ್ನೂ ಬದಲಾಯಿಸದೆ, ಅದು ಹುಟ್ಟಿನಿಂದ ಹೊತ್ತು ತಂದ ಹೆಸರಿನಲ್ಲೇ, ಇಲಾಖೆಯ ತಾಣಕ್ಕೆ ಒಮ್ಮೆ ಹೋಗುತ್ತಾನೆ. ಕೆಂಪಕ್ಷರ ಬರುತ್ತದೆ. ಪೂರ್ತಿ ಓದುತ್ತಾನೆ. ಆಮೇಲೆ ಆ ಪಟ್ಟಿಯನ್ನು ತೆರೆದು ಹಳೆಯ ಹೆಸರನ್ನು ಹಾಕಿ ದಿನದ ಕೆಲಸ ಶುರು ಮಾಡುತ್ತಾನೆ.

"ದಿನಾ ಯಾಕಣ್ಣ ಬೈಸ್ಕೋತೀಯ? ತೆಗಿಯಲ್ಲ ಅಂತ ಗೊತ್ತಲ್ಲ" ಎಂದು ಕಿರಣ್ ಕುಮಾರ್ ಕೇಳುತ್ತಾನೆ.

"ಒಂದಿನ ಅದ್ಕೇ ಬೇಜಾರಾಗಿ ತೆಗೆದ್ಬುಟ್ಟೀತು ಕಣ್ಲಾ. ಅವತ್ತು ನಾನು ಸುಳ್ಳೆಸ್ರಲ್ಲೇ ನಿಂತಿದ್ರ, ನಂಗ ಗೊತ್ತಾಗದೆಂಗ?"